ಸಂಪಾದಕರ ಉತ್ತರ: ಕೆಟ್ಟಿದ್ದು ಟೇಪ್ ರೆಕಾರ್ಡರ್ ಅಲ್ಲ, ಮೇಡಂ

ಕಳೆದ ತಿಂಗಳು ಅಮೆರಿಕದ ಬ್ಲೂಸ್-ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಬಗ್ಗೆ ನಾಲ್ಕು ಪುಟದ ಲೇಖನ ಹಾಕಿದ್ದೆವು. (ಬ್ಲೂಸ್ ಅಂದರೆ ಅಮೆರಿಕದ ಕರಿಯರ ಹಾಡುಗಾರಿಕೆಯ ಪರಂಪರೆ.) ಅದನ್ನು ಓದಿ ಶಿವಮೊಗ್ಗದ ಸಂಗೀತ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇದು:

"ಮೂವತ್ತೆಂಟು ವರ್ಷದಿಂದ ಮನೆಯಲ್ಲೇ ಹಾಡುಗಾರಿಕೆ ಹೇಳಿಕೊಡುತ್ತಿದ್ದೇನೆ. ನಿಮ್ಮ ಲೇಖನ ಓದಿದ ಮೊಮ್ಮಗಳು ಫೋನಿನಲ್ಲಿ ಆಕೆಯ ಹಾಡು ಹುಡುಕಿ ಜೋರಾಗಿ ಹಾಕಿದಳು. ಏನಾಯ್ತು ಅಂತ ಪಕ್ಕದ ಮನೆಯವರು ಬಂದು ಕೇಳಿದರು. ಇದು ಹಾಡೋ, ಕಿರುಚಾಟವೋ? ಆಕೆಯ ಹೆಸರಾದ ಹಾಡುಗಳೆಲ್ಲ ಬೇರೆಯವರದ್ದೇ ಅಂತಾಳೆ ಮೊಮ್ಮಗಳು. ಹಾಗಾದರೆ ಆಕೆಯದು ಅಂತ ಏನಿದೆ? ಕುಡಿದು, ಚುಚ್ಚಿಕೊಂಡು 27ಕ್ಕೆ ಹೋದವಳನ್ನು ಮಕ್ಕಳ ಮುಂದೆ ತಂದು ನಿಲ್ಲಿಸೋ ಅಗತ್ಯ ಏನಿತ್ತು? ಹುಡುಗಿ ಈಗ ಹಾಗೇ ಕೂಗೋಕೆ ಹೊರಟಿದ್ದಾಳೆ. ಗಂಟಲು ಕೆಟ್ಟರೆ ಸಂಪಾದಕರು ಬಂದು ಕಷಾಯ ಕಾಯಿಸಿ ಕೊಡ್ತೀರಾ?"

ನಮಸ್ಕಾರ ಮೇಡಂ,

ಕಷಾಯ ಕಾಯಿಸೋಕೆ ಬರುತ್ತೆ. ಕಾಳುಮೆಣಸು ಸ್ವಲ್ಪ ಜಾಸ್ತಿ ಹಾಕುತ್ತೇನೆ, ಅಷ್ಟೇ. ಉಳಿದದ್ದಕ್ಕೆ ಉತ್ತರ ಉದ್ದವಾಗುತ್ತದೆ, ಕ್ಷಮಿಸಿ.

ಮೊದಲು ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಕಾಲೇಜಿನ ದಿನಗಳಲ್ಲಿ ಹಾಸ್ಟೆಲ್ಲಿನ ಗೆಳೆಯನೊಬ್ಬ ಜಾನಿಸ್ ಜಾಪ್ಲಿನ್ ಕ್ಯಾಸೆಟ್ ಕೊಟ್ಟ. ಹಾಕಿದೆ. ದನಿ ಬಿರಿದು, ಕರಕರ ಅಂತ, ಹರಿದ ಹಾಗೆ ಬಂತು. ಟೇಪ್ ರೆಕಾರ್ಡರಿನ ಹೆಡ್‌ಗೆ ಕೊಳೆ ಹಿಡಿದಿದೆ ಅಂದುಕೊಂಡು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವರು ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಹೆಡ್ ಒರೆಸಿದರು. ಪರೀಕ್ಷೆಗೆ ತಮ್ಮದೊಂದು ಕ್ಯಾಸೆಟ್ ಹಾಕಿದರು. ಚೆನ್ನಾಗೇ ಕೇಳಿಸಿತು. ನನ್ನದನ್ನು ಹಾಕಿದರು. ಮತ್ತೆ ಅದೇ ಕರಕರ. ಅವರು ಸ್ವಲ್ಪ ಹೊತ್ತು ಕೇಳಿ, "ಮಿಷನ್ ಸರಿ ಇದೆ ಕಣಪ್ಪ, ಆ ಯಮ್ಮನೇ ಹಾಗೆ" ಅಂದರು. ಐದು ರೂಪಾಯಿ ಕೊಟ್ಟು ಬಂದೆ.

ಆಮೇಲೆ ಎಷ್ಟೋ ವರ್ಷ ಆ ಮಾತು ತಲೆಯಲ್ಲಿ ಉಳಿಯಿತು. "ಆ ಯಮ್ಮನೇ ಹಾಗೆ" ಎನ್ನುವುದು ಅರ್ಧ ಮಾತ್ರ ನಿಜ. ಅವಳು ಹುಟ್ಟಾ ಹಾಗಿರಲಿಲ್ಲ. ಕೂತು ಕಲಿತು ಹಾಗಾದಳು. ಆ ಕರಕರ ಕಲಿತದ್ದು, ಮೇಡಂ. ನಿಮ್ಮ ಮೊದಲನೇ ಪ್ರಶ್ನೆಗೆ ನನ್ನ ಉತ್ತರ ಇದೇ.

ಜಾನಿಸ್ ಹುಟ್ಟಿದ್ದು 1943ರ ಜನವರಿ 19ರಂದು, ಟೆಕ್ಸಾಸ್‌ನ ಪೋರ್ಟ್ ಆರ್ಥರ್‌ನಲ್ಲಿ. ಎಣ್ಣೆ ಶುದ್ಧೀಕರಣ ಕಾರ್ಖಾನೆಗಳ ಊರು. ಅಪ್ಪ ಟೆಕ್ಸಾಕೋ ಕಂಪನಿಯಲ್ಲಿ ಇಂಜಿನಿಯರ್. ಮೂರು ಮಕ್ಕಳಲ್ಲಿ ಇವಳೇ ದೊಡ್ಡವಳು. ಹೈಸ್ಕೂಲಿಗೆ ಬರುವ ಹೊತ್ತಿಗೆ ಮೈ ದಪ್ಪಗಾಯಿತು, ಮುಖದ ತುಂಬ ಗುಳ್ಳೆ. ಅದು ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಶಾಲೆಯಲ್ಲಿ ಕೂರಿಸುತ್ತಿದ್ದ ಕಾಲ. ಇಬ್ಬರೂ ಒಟ್ಟಿಗೆ ಓದಬೇಕು ಎಂದು ಬಾಯಿಬಿಟ್ಟು ಹೇಳುತ್ತಿದ್ದ ಬಿಳಿ ಹುಡುಗಿ ಇವಳು. ಇಷ್ಟು ಸಾಕಾಯಿತು. ಸಹಪಾಠಿಗಳು ಬಾಯಿಗೆ ಬಂದ ಹೆಸರಿಟ್ಟು ಕರೆದರು. ಅವಳು ಚಿತ್ರ ಬಿಡಿಸಿದಳು, ಪುಸ್ತಕ ಓದಿದಳು, ಮತ್ತೆ ಬೆಸ್ಸಿ ಸ್ಮಿತ್, ಮಾ ರೇನಿ, ಲೆಡ್ ಬೆಲ್ಲಿ, ಒಡೆಟಾ ಎನ್ನುವ ಕರಿಯ ಗಾಯಕರ ರೆಕಾರ್ಡ್ ಕೇಳಿದಳು. ಸುಮ್ನೆ ಕೇಳಿದ್ದಲ್ಲ, ಅವರ ಹಾಗೆ ಹಾಡೋದನ್ನೂ ರೂಢಿ ಮಾಡಿಕೊಂಡಳು. ನಿಮ್ಮ ಮನೆಯ ಚಾಪೆ ಮೇಲೆ ಕೂತ ಮಕ್ಕಳು ನಿಮ್ಮ ಗಮಕವನ್ನು ಹಿಡಿಯಲು ನೋಡುತ್ತವಲ್ಲ, ಇದೂ ಹಾಗೇ. ಗುರು ಎದುರಿಗಿರಲಿಲ್ಲ, ರೆಕಾರ್ಡಿನಲ್ಲಿದ್ದರು.

1962ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದಳು. ಅಲ್ಲಿ ಥ್ರೆಡ್‌ಗಿಲ್ ಎನ್ನುವವರು ಹಳೇ ಪೆಟ್ರೋಲ್ ಬಂಕ್ ಒಂದನ್ನು ಬಿಯರ್ ಅಂಗಡಿ ಮಾಡಿಕೊಂಡಿದ್ದರು. ಹಾಡೋರೆಲ್ಲ ಸೇರುತ್ತಿದ್ದದ್ದು ಅಲ್ಲೇ. ಮರುವರ್ಷ ಜನವರಿಯಲ್ಲಿ ಓದು ಬಿಟ್ಟು, ದಾರಿಯಲ್ಲಿ ಸಿಕ್ಕ ಗಾಡಿಗಳಿಗೆ ಕೈ ಅಡ್ಡ ಹಾಕಿಕೊಂಡು ಗೆಳೆಯ ಚೆಟ್ ಹೆಲ್ಮ್ಸ್ ಜೊತೆ ಸ್ಯಾನ್ ಫ್ರಾನ್ಸಿಸ್ಕೋ ಸೇರಿದಳು.

1964ರ ಒಂದು ಟೇಪ್ ಇದೆ. ಮನೆಯೊಂದರಲ್ಲಿ ಮಾಡಿದ ರೆಕಾರ್ಡಿಂಗ್. ಗಿಟಾರ್ ನುಡಿಸಿದವರು ಯೋರ್ಮಾ ಕೌಕೊನೆನ್. ಅದೇ ಕೋಣೆಯಲ್ಲಿ ಅವರ ಹೆಂಡತಿ ಟೈಪ್ ಮಾಡುತ್ತಿದ್ದರು. ಹಾಗಾಗಿ ಹಾಡಿನ ಹಿಂದೆ ಟಕಟಕ ಅಂತ ಟೈಪ್‌ರೈಟರ್ ಸದ್ದು ಬರುತ್ತಲೇ ಇರುತ್ತದೆ. 'ಟೈಪ್‌ರೈಟರ್ ಟೇಪ್' ಅಂತಲೇ ಅದಕ್ಕೆ ಹೆಸರು ಬಿತ್ತು. ದಯವಿಟ್ಟು ನೀವು ಇದರಿಂದ ಶುರು ಮಾಡಿ. ಇಲ್ಲಿ ಕಿರುಚಾಟ ಇಲ್ಲ. ಇಪ್ಪತ್ತೊಂದರ ಹುಡುಗಿ ಹಳೇ ಬ್ಲೂಸನ್ನು ಗಟ್ಟಿ ದನಿಯಲ್ಲಿ, ಶ್ರುತಿ ಬಿಡದೆ ಹಾಡುತ್ತಾಳೆ. ಬೆಸ್ಸಿ ಸ್ಮಿತ್ ಪಾಠ ಚೆನ್ನಾಗಿ ಹತ್ತಿದೆ, ತನ್ನದು ಇನ್ನೂ ಬಂದಿಲ್ಲ. ನಿಮಗೆ ಎರಡೇ ನಿಮಿಷಕ್ಕೆ ಗೊತ್ತಾಗುತ್ತದೆ.

ತನ್ನದು ಬಂದದ್ದು 1966ರ ಜೂನ್‌ನಲ್ಲಿ, 'ಬಿಗ್ ಬ್ರದರ್ ಅಂಡ್ ದ ಹೋಲ್ಡಿಂಗ್ ಕಂಪನಿ' ಎನ್ನುವ ತಂಡ ಸೇರಿದ ಮೇಲೆ. ನಾಲ್ಕು ಜನ ಗಂಡಸರು. ಎರಡು ಎಲೆಕ್ಟ್ರಿಕ್ ಗಿಟಾರು, ಬಾಸು, ಡ್ರಮ್ಸು. ವಿಪರೀತ ಸದ್ದು. ಹಾಡುವವರಿಗೆ ಅವರದೇ ದನಿ ಕೇಳಿಸುವ ಹಾಗೆ ವೇದಿಕೆ ಮೇಲೆ ಸ್ಪೀಕರ್ ಇಡುವ ವ್ಯವಸ್ಥೆ ಆಗ ಅಪರೂಪ. ಈ ಗದ್ದಲದ ಮೇಲೆ ಒಂದು ಗಂಟಲು ತೇಲಬೇಕು. ಅವಳು ದನಿಯ ಕಟ್ಟೋಣವನ್ನೇ ಬದಲಿಸಿದಳು.

ಅದೇ ವರ್ಷ ಡಿಸೆಂಬರ್‌ನಲ್ಲಿ ಕರಿಯ ಗಾಯಕ ಓಟಿಸ್ ರೆಡ್ಡಿಂಗ್ ಸ್ಯಾನ್ ಫ್ರಾನ್ಸಿಸ್ಕೋಗೆ ಹಾಡಲು ಬಂದಾಗ, ಮೂರೂ ರಾತ್ರಿ ಎಲ್ಲರಿಗಿಂತ ಮೊದಲೇ ಹೋಗಿ ವೇದಿಕೆಯ ಬುಡದಲ್ಲಿ ನಿಂತಳು. ಓಟಿಸ್ ಒಂದು ಪದವನ್ನು ಹಿಡಿದು, ತೊದಲಿದ ಹಾಗೆ ತುಂಡು ತುಂಡು ಮಾಡಿ, ಅದನ್ನೇ ಮತ್ತೆ ಮತ್ತೆ ಎಸೆಯುತ್ತಿದ್ದರು. ಆಮೇಲಿನ ಜಾನಿಸ್ ಹಾಡುಗಳಲ್ಲಿ ಆ ತೊದಲು ಎಲ್ಲ ಕಡೆ ಸಿಗುತ್ತದೆ. ಕುಡಿದವಳ ತೊದಲು ಅಂತ ನೀವು ಅಂದುಕೊಂಡಿದ್ದರೆ, ಅಲ್ಲ. ಅದು ಮೂರು ರಾತ್ರಿ ನಿಂತು ಕಲಿತ ಲೆಕ್ಕಾಚಾರ.

ಈಗ ಮಾಂಟೆರೇಗೆ ಬರೋಣ. ನಮ್ಮ ಲೇಖನದಲ್ಲಿ ಇದಕ್ಕೆ ಎರಡೇ ಸಾಲು ಸಿಕ್ಕಿತ್ತು. ಜಾಗ ಇಲ್ಲ ಅಂತ ನಾನೇ ಕತ್ತರಿಸಿದ್ದು. ಈಗ ಹೊಟ್ಟೆ ಉರಿಯುತ್ತಿದೆ.

1967ರ ಜೂನ್ 16ರಿಂದ 18ರವರೆಗೆ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ದೊಡ್ಡ ಸಂಗೀತೋತ್ಸವ. ಬಿಗ್ ಬ್ರದರ್ ತಂಡಕ್ಕೆ ಶನಿವಾರ ಮಧ್ಯಾಹ್ನದ ಸರದಿ. ಹೆಸರಿಲ್ಲದವರಿಗೆ ಬಿಸಿಲಿನ ಹೊತ್ತು ತಾನೇ ಕೊಡೋದು! ಪೆನ್‌ಬೇಕರ್ ಎನ್ನುವ ನಿರ್ದೇಶಕರು ಉತ್ಸವವನ್ನು ಚಿತ್ರೀಕರಿಸುತ್ತಿದ್ದರು. ತಂಡದ ಆಗಿನ ಮ್ಯಾನೇಜರ್ ಕ್ಯಾಮೆರಾ ಬೇಡ ಅಂದರು. ಸರಿ, ಕ್ಯಾಮೆರಾ ಇಲ್ಲದೇ ಹಾಡಿದಳು. ಜನ ದಂಗಾದರು. ಇದು ಚಿತ್ರದಲ್ಲಿ ಇಲ್ಲದೇ ಹೋದರೆ ಹೇಗೆ ಅಂತ ಮಾತುಕತೆ ಆಗಿ, ಭಾನುವಾರ ಮತ್ತೆ ಹತ್ತಿಸಿದರು. ಅದೇ 'ಬಾಲ್ ಅಂಡ್ ಚೈನ್' ಹಾಡನ್ನು ಮತ್ತೆ ಹಾಡಿದಳು. ನಾವು ಇವತ್ತು ನೋಡುವುದು ಈ ಎರಡನೇ ದಿನದ್ದು.

ಇದನ್ನು ಸ್ವಲ್ಪ ಯೋಚಿಸಿ. ಹೊಟ್ಟೆಯೊಳಗಿನ ಸಂಕಟ ತಡೆಯಲಾರದೆ ಕಿರುಚಿದವಳು ಅಂತ ಅವಳ ಬಗ್ಗೆ ಬರೆಯೋರೆಲ್ಲ ಬರೆಯುತ್ತಾರೆ. ನಮ್ಮ ಲೇಖನದಲ್ಲೂ ಅಂಥ ಒಂದು ವಾಕ್ಯ ನುಸುಳಿದೆ. ತಡೆಯಲಾರದ ಸಂಕಟ, ನಾಳೆ ಕ್ಯಾಮೆರಾ ಬರುತ್ತೆ ಇನ್ನೊಮ್ಮೆ ಬಾ ಅಂದರೆ ಬರುತ್ತದೆಯೇ? ಬಂದರೂ ಅದೇ ಜಾಗದಲ್ಲಿ ಏರಿ, ಅದೇ ಜಾಗದಲ್ಲಿ ಇಳಿಯುತ್ತದೆಯೇ?

ಆ ತುಣುಕು ನೋಡಿ. ಮೊದಲು ಗಿಟಾರ್ ಕೆಟ್ಟದಾಗಿ ಅರಚುತ್ತದೆ. ಆಮೇಲೆ ಎಲ್ಲ ತಗ್ಗುತ್ತದೆ. ಜಾನಿಸ್ ಎತ್ತಿಕೊಳ್ಳುವುದು ಪಿಸುಮಾತಿಗೆ ಹತ್ತಿರದ ದನಿಯಲ್ಲಿ. ಏರುತ್ತಾಳೆ, ಮತ್ತೆ ತಗ್ಗುತ್ತಾಳೆ. ಒಂದು ಕಡೆ ವಾದ್ಯಗಳೆಲ್ಲ ಗಪ್ಪೆಂದು ನಿಲ್ಲುತ್ತವೆ, ಅವಳ ದನಿ ಒಂದೇ ಉಳಿಯುತ್ತದೆ. ಆಗ ನೀವು ಆ ಕರಕರವನ್ನು ಗಮನಿಸಿ ಕೇಳಬೇಕು. ಒಂದೇ ಗಂಟಲಿನಿಂದ ಎರಡು ದನಿ ಒಟ್ಟಿಗೆ ಬಂದ ಹಾಗಿರುತ್ತದೆ. ಮೇಲೊಂದು ಸ್ವರ, ಅದರ ಕೆಳಗೆ ಸೀಳಿದ ಮರದಂಥ ಇನ್ನೊಂದು. ಕ್ಯಾಮೆರಾ ಕೆಳಗಿಳಿದು ಅವಳ ಕಾಲು ತೋರಿಸುತ್ತದೆ. ಹೀಲ್ಸ್ ಹಾಕಿದ ಆ ಪಾದ ನೆಲವನ್ನು ಕುಟ್ಟುತ್ತಾ ಲಯ ಹಿಡಿದಿದೆ. ನೀವು ತೊಡೆಯ ಮೇಲೆ ಹಾಕುವ ತಾಳವನ್ನು ಅವಳು ಹಿಮ್ಮಡಿಯಲ್ಲಿ ಹಾಕುತ್ತಿದ್ದಾಳೆ. ಸಭೆಯಲ್ಲಿ ಕೂತ ಗಾಯಕಿ ಕ್ಯಾಸ್ ಎಲಿಯಟ್ ಬಾಯಿ ತೆರೆದು 'ವಾವ್' ಅನ್ನುವುದು ಕಾಣುತ್ತದೆ. ಹಾಡು ಮುಗಿದ ಮೇಲೆ ಜಾನಿಸ್, ರಿಸಲ್ಟ್ ನೋಡಿದ ಹುಡುಗಿಯ ಹಾಗೆ ಕುಣಿಯುತ್ತಾ ಒಳಗೆ ಓಡುತ್ತಾಳೆ. ನನಗೆ ಇಡೀ ತುಣುಕಿನಲ್ಲಿ ಇಷ್ಟವಾಗುವುದು ಆ ಓಟ.

ರಾಕ್ ವೇದಿಕೆಯಲ್ಲಿ ಆಗ ಹೆಂಗಸರು ಇರಲಿಲ್ಲ ಅಂತಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಗಾಯಕಿ ಗ್ರೇಸ್ ಸ್ಲಿಕ್ ಇದ್ದರು. ಆದರೆ ಹಾಡುವ ಹೆಣ್ಣು ನೋಡೋಕೆ ಚೆಂದ ಇರಬೇಕು, ಹಾಡುವಾಗ ಮುಖ ಕೆಡಬಾರದು ಎನ್ನುವ ಕಟ್ಟಳೆ ಅಲ್ಲೂ ಇತ್ತು. ಜಾನಿಸ್ ಹಾಡುವಾಗ ಮುಖ ಹಿಂಡಿದ ಬಟ್ಟೆ ಹಾಗಾಗುತ್ತದೆ, ಕೂದಲು ಬಾಯೊಳಗೆ ಹೋಗುತ್ತದೆ. ಅವಳಿಗೆ ಪರಿವೆಯೇ ಇಲ್ಲ. ಅವಳ ಹಿಂದೆ ಬಂದ ಎಷ್ಟೋ ಹುಡುಗಿಯರಿಗೆ ಆ ಮುಖ ಒಂದು ಪರವಾನಗಿ ಆಯಿತು.

ಎರಡನೇ ಪ್ರಶ್ನೆ. ಇಲ್ಲಿ ನಿಮ್ಮ ಮೊಮ್ಮಗಳು ನಮಗಿಂತ ಚುರುಕು. 'ಬಾಲ್ ಅಂಡ್ ಚೈನ್' ಜಾನಿಸ್ ಬರೆದ ಹಾಡು ಎಂದು ನಮ್ಮಲ್ಲಿ ಅಚ್ಚಾಗಿದೆ. ತಪ್ಪು. ಅದು ಕರಿಯ ಬ್ಲೂಸ್ ಗಾಯಕಿ ಬಿಗ್ ಮಾಮಾ ಥಾರ್ನ್ಟನ್ ಅವರ ಹಾಡು. 'ಪೀಸ್ ಆಫ್ ಮೈ ಹಾರ್ಟ್' ಮೊದಲು ಹಾಡಿದ್ದು ಎರ್ಮಾ ಫ್ರಾಂಕ್ಲಿನ್, ಹೆಸರಾಂತ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ಅಕ್ಕ. 'ಸಮ್ಮರ್‌ಟೈಮ್' ಸಂಗೀತ ಸಂಯೋಜಕ ಗರ್ಶ್ವಿನ್ ಅವರದು. ಈ ಮೂರೂ ಇರುವ 'ಚೀಪ್ ಥ್ರಿಲ್ಸ್' ಆಲ್ಬಂ 1968ರ ಆಗಸ್ಟ್‌ನಲ್ಲಿ ಬಂದು, ಎಂಟು ವಾರ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು.

ಬೇರೆಯವರ ಹಾಡು ಹಾಡಿದರೆ ತನ್ನದೇನು ಎಂದು ನೀವು ಕೇಳುತ್ತೀರಿ. ಜಗಳಕ್ಕೆ ಬಂದೆ ಅಂದುಕೊಳ್ಳಬೇಡಿ ಮೇಡಂ, ನೀವು ಮೂವತ್ತೆಂಟು ವರ್ಷದಿಂದ ಹೇಳಿಕೊಡುತ್ತಿರುವುದೂ ಬೇರೆಯವರ ಕೀರ್ತನೆಗಳನ್ನೇ ಅಲ್ವಾ? ಬ್ಲೂಸ್ ಕೂಡ ಅಂಥದ್ದೇ ಪರಂಪರೆ. ಅದರ ಸಾಮಾನ್ಯ ಅಚ್ಚು ಬಹಳ ಸರಳ: ಮೂರು ಸಾಲು, ಒಂದೊಂದು ಸಾಲಿಗೆ ನಾಲ್ಕು ಎಣಿಕೆಯ ನಾಲ್ಕು ಆವರ್ತ. ಮೊದಲ ಸಾಲನ್ನು ಎರಡು ಸಲ ಹಾಡಿ, ಮೂರನೆಯದರಲ್ಲಿ ಉತ್ತರ ಕೊಡುವುದು. ಸರಿಗಮದ 'ಗ', ಅಂದರೆ ಗಾಂಧಾರ ಮಾತ್ರ ವಿಚಿತ್ರ. ನಮ್ಮ ತಗ್ಗಿನ ಸಾಧಾರಣ ಗಾಂಧಾರಕ್ಕೂ ಎತ್ತರದ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಜೋತಾಡುತ್ತದೆ. ಹಾರ್ಮೋನಿಯಂನಲ್ಲಿ ಸಿಗುವುದಿಲ್ಲ, ಗಂಟಲಲ್ಲಿ ಸಿಗುತ್ತದೆ. ಯಾರು ಅದನ್ನು ಎಲ್ಲಿ ನಿಲ್ಲಿಸುತ್ತಾರೆ, ಯಾವ ಪದದ ಮೇಲೆ ಭಾರ ಬಿಡುತ್ತಾರೆ, ಅಲ್ಲಿ ಹಾಡು ಅವರದಾಗುತ್ತದೆ.

ಥಾರ್ನ್ಟನ್ 'ಬಾಲ್ ಅಂಡ್ ಚೈನ್' ಹಾಡುವಾಗ ಅದರಲ್ಲಿ ಒಂದು ದಿಟ್ಟತನ ಇದೆ. ಪ್ರೀತಿ ಕಾಲಿಗೆ ಕಟ್ಟಿದ ಕಬ್ಬಿಣದ ಗುಂಡು ನಿಜ, ಆದರೂ ಆ ಹೆಂಗಸು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾಳೆ ಅನಿಸುತ್ತದೆ. ಬಿಗ್ ಬ್ರದರ್ ತಂಡ ಅದನ್ನು ನಿಧಾನ ಮಾಡಿ, ಮೇಜರ್‌ನಿಂದ ಮೈನರ್‌ಗೆ ತಂದಿತು. ನಿಮ್ಮ ಭಾಷೆಯಲ್ಲಿ, ಗಾಂಧಾರವನ್ನು ಕೆಳಗಿಳಿಸಿತು. ಜಾನಿಸ್ ಹಾಡಿದಾಗ ಅದೇ ಹೆಂಗಸು ಗುಂಡನ್ನು ಎಳೆದುಕೊಂಡು ನಡೆಯುತ್ತಿರುವುದು ಕೇಳಿಸುತ್ತದೆ. ನನ್ನನ್ನು ಕೇಳಿದರೆ ಎರಡರಲ್ಲಿ ಥಾರ್ನ್ಟನ್ ಅವರದೇ ಒಂದು ಕೈ ಮೇಲೆ. ಜಾನಿಸ್ ಅಭಿಮಾನಿಗಳು ಬೈಯಲಿ, ಪರವಾಗಿಲ್ಲ.

ಹಾಗಂತ ಇಲ್ಲಿ ಅನ್ಯಾಯ ನಡೆದಿಲ್ಲ ಅನ್ನಲಾರೆ. 'ಹೌಂಡ್ ಡಾಗ್' ಮೊದಲು ಹಾಡಿದ್ದೂ ಥಾರ್ನ್ಟನ್ ಅವರೇ, 1952ರಲ್ಲಿ. ಅದರಿಂದ ತಮಗೆ ಸಿಕ್ಕಿದ್ದು 500 ಡಾಲರಿನ ಒಂದು ಚೆಕ್ ಎಂದು ಆಕೆ ಹೇಳುತ್ತಿದ್ದರು. ಎಲ್ವಿಸ್ 1956ರಲ್ಲಿ ಅದನ್ನೇ ಹಾಡಿ ಎಲ್ಲಿಗೆ ಹೋದರು ಅಂತ ಗೊತ್ತೇ ಇದೆ. ರಾಕ್ ಸಂಗೀತದ 'ಹಾಲ್ ಆಫ್ ಫೇಮ್'ಗೆ ಜಾನಿಸ್ ಸೇರಿದ್ದು 1995ರಲ್ಲಿ. ಥಾರ್ನ್ಟನ್ ಅವರನ್ನು ಸೇರಿಸಿದ್ದು 2024ರಲ್ಲಿ, ಆಕೆ ತೀರಿಕೊಂಡು 40 ವರ್ಷ ಆದ ಮೇಲೆ. ಕರಿಯ ಹೆಂಗಸು ಕಟ್ಟಿದ ಹಾಡಿಗೆ ಬಿಳಿಯ ಹುಡುಗಿ ಹಾಡಿದಾಗ ಮಾರುಕಟ್ಟೆ ಸಿಕ್ಕಿತು. ಇದನ್ನು ಮುಚ್ಚಿಟ್ಟು ಜಾನಿಸ್‌ಳನ್ನು ಹೊಗಳುವುದು ತಪ್ಪು.

ಜಾನಿಸ್ ಮಾತ್ರ ಮುಚ್ಚಿಡಲಿಲ್ಲ. ಯಾರಿಂದ ಕಲಿತೆ ಅಂತ ಕೇಳಿದವರಿಗೆಲ್ಲ ಹೇಳಿದಳು. ಇನ್ನೊಂದು ಕೆಲಸವನ್ನೂ ಮಾಡಿದಳು. ಬೆಸ್ಸಿ ಸ್ಮಿತ್ 1937ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. 1920ರ ದಶಕದಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿಗೆ ರಾಶಿ ದುಡ್ಡು ತಂದುಕೊಟ್ಟ ಗಾಯಕಿ. ಆಕೆಯ ಸಮಾಧಿ ಪೆನ್ಸಿಲ್ವೇನಿಯಾದ ಶಾರನ್ ಹಿಲ್‌ನಲ್ಲಿದೆ. 33 ವರ್ಷ ಅದರ ಮೇಲೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. 1970ರ ಆಗಸ್ಟ್‌ನಲ್ಲಿ ಕಲ್ಲು ನಿಂತಿತು. ದುಡ್ಡು ಹಾಕಿದವರು ಇಬ್ಬರು. ಒಬ್ಬಳು ಜಾನಿಸ್. ಇನ್ನೊಬ್ಬರು ಜುವಾನಿಟಾ ಗ್ರೀನ್, ಚಿಕ್ಕ ಹುಡುಗಿಯಾಗಿದ್ದಾಗ ಬೆಸ್ಸಿ ಮನೆಯಲ್ಲಿ ನೆಲ ಒರೆಸುತ್ತಿದ್ದವರು. ಜಗತ್ತಿನ ಅತಿ ದೊಡ್ಡ ಬ್ಲೂಸ್ ಗಾಯಕಿ ಹಾಡುವುದನ್ನು ಎಂದೂ ನಿಲ್ಲಿಸುವುದಿಲ್ಲ ಎನ್ನುವ ಅರ್ಥದ ಸಾಲು ಆ ಕಲ್ಲಿನ ಮೇಲಿದೆ.

ಈ ಕಲ್ಲಿನ ವಿಷಯ ನಮ್ಮ ಲೇಖನದಲ್ಲಿ ಇರಲಿಲ್ಲ. ಅವಳ ಬಣ್ಣ ಬಳಿದ ಪೋರ್ಷೆ ಕಾರಿಗೆ ಒಂದು ಪ್ಯಾರಾ ಇತ್ತು!

ಮೂರನೆಯದು. ಇದರಲ್ಲಿ ನಿಮ್ಮ ಜೊತೆ ಜಗಳವೇ ಇಲ್ಲ. 1965ರಲ್ಲೇ ಮಾದಕವಸ್ತು ಅವಳನ್ನು ಹಿಂಡಿ ಹಾಕಿತ್ತು. ಮೈ 40 ಕಿಲೋ ಆಸುಪಾಸಿಗೆ ಇಳಿದಿತ್ತು. ಗೆಳೆಯರು ಬಸ್ ಚಾರ್ಜಿಗೆ ದುಡ್ಡು ಕೂಡಿಸಿ ಊರಿಗೆ ಕಳಿಸಿದರು. ಒಂದು ವರ್ಷ ಕೂದಲು ಎತ್ತಿ ಕಟ್ಟಿಕೊಂಡು, ಕಾಲೇಜಿಗೆ ಹೋಗಿ, ಎಲ್ಲರ ಹಾಗೆ ಇರಲು ನೋಡಿದಳು. ಮದುವೆ ಮಾತೂ ನಡೆದು ಮುರಿಯಿತು. ಆಮೇಲೆ ಬಿಗ್ ಬ್ರದರ್ ಕರೆ ಬಂತು, ಹೊರಟಳು. ಹೆಸರು ಬಂದ ಮೇಲೆ ಚಟವೂ ಹಿಂದೆಯೇ ಬಂತು. ಅದು ಹಾಡನ್ನು ಬೆಳೆಸಿತು ಅಂತ ಹೇಳುವವರನ್ನು ನಂಬಬೇಡಿ. 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಗಂಟೆಗಟ್ಟಲೆ ಕಾದು, ಕುಡಿದು, ಹೆರಾಯಿನ್ ತಗೊಂಡು ರಾತ್ರಿ ಎರಡರ ಹೊತ್ತಿಗೆ ವೇದಿಕೆ ಹತ್ತಿದಳು. ದನಿ ಒಡೆದಿತ್ತು. ಮರುವರ್ಷ ಬಂದ ಆ ಉತ್ಸವದ ಚಿತ್ರದಲ್ಲಿ ಅವಳು ಇಲ್ಲ. ಮಾಂಟೆರೇಯ ಕಾಲು, ಆ ತಾಳ, ಆ ಏರಿಳಿತ ಒಂದು ಕಡೆ ಇಡಿ. ವುಡ್‌ಸ್ಟಾಕ್ ಇನ್ನೊಂದು ಕಡೆ ಇಡಿ. ನಿಮ್ಮ ಮೊಮ್ಮಗಳಿಗೆ ಬೇರೆ ಪಾಠವೇ ಬೇಡ.

1970ರ ಆಗಸ್ಟ್‌ನಲ್ಲಿ ಹೈಸ್ಕೂಲಿನ ಹತ್ತು ವರ್ಷದ ಕೂಟಕ್ಕೆ ಊರಿಗೆ ಹೋದಳು. ಅದಕ್ಕೂ ಮೊದಲು ಟಿವಿಯಲ್ಲಿ, ಕ್ಲಾಸಿನಿಂದ, ಊರಿನಿಂದ, ರಾಜ್ಯದಿಂದಲೇ ನನ್ನನ್ನು ನಕ್ಕು ಓಡಿಸಿದರು, ಈಗ ವಾಪಸ್ ಹೋಗ್ತಿದ್ದೀನಿ ಅಂದಿದ್ದಳು. ತಲೆಯಲ್ಲಿ ಬಣ್ಣದ ಗರಿ, ದೊಡ್ಡ ಬಣ್ಣದ ಕನ್ನಡಕ. ಪತ್ರಕರ್ತರು ಸುತ್ತ ಕೂತು, ಶಾಲೆಯ ನೃತ್ಯಕೂಟಕ್ಕೆ ಹೋಗಿದ್ದಿರಾ ಅಂತ ಕೇಳಿದರು. ಯಾರೂ ಕರೆಯಲಿಲ್ಲ ಅಂದಳು. ನಗುತ್ತಲೇ ಅಂದಳು. ಮುಖ ನೋಡಿದರೆ ಮಾತ್ರ ಹತ್ತು ವರ್ಷದ ಹಿಂದಿನ ಹುಡುಗಿ ಇನ್ನೂ ಅಲ್ಲೇ ಇದ್ದಾಳೆ ಅನಿಸುತ್ತದೆ.

ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ಪರ್ಲ್' ಆಲ್ಬಂ ಕೆಲಸ ಶುರುವಾಯಿತು. ಹೊಸ ತಂಡ, ಪಾಲ್ ರಾಥ್‌ಚೈಲ್ಡ್ ಎನ್ನುವ ಕಿವಿ ಚುರುಕಾದ ನಿರ್ಮಾಪಕ. ಇಲ್ಲಿ ಅವಳ ದನಿ ಪಳಗಿದೆ. ಕರಕರ ಇದೆ, ಎಲ್ಲಿ ಬೇಕೋ ಅಲ್ಲಷ್ಟೇ ಇದೆ. ಕ್ರಿಸ್ ಕ್ರಿಸ್ಟೋಫರ್‌ಸನ್ ಅವರ 'ಮಿ ಅಂಡ್ ಬಾಬಿ ಮಗೀ' ಹಾಡನ್ನು ಕತೆ ಹೇಳುವ ಹಾಗೆ ಸಣ್ಣಗೆ ಎತ್ತಿಕೊಂಡು, ಕೊನೆಗೆ ಪದಗಳನ್ನೇ ಬಿಟ್ಟು ಬರೀ ನಾದದಲ್ಲಿ ಓಡುತ್ತಾಳೆ. ಅಕ್ಟೋಬರ್ 1ರಂದು 'ಮರ್ಸಿಡಿಸ್ ಬೆಂಜ್' ಹಾಡಿದಳು. ವಾದ್ಯ ಒಂದೂ ಇಲ್ಲ. ಒಂದೇ ಸಲಕ್ಕೆ ಓಕೆ. ಎರಡು ನಿಮಿಷವೂ ಇಲ್ಲದ ಹಾಡು. ಕೊನೆಗೆ ಅವಳ ಕಿಸಕ್ ನಗು.

ಅಕ್ಟೋಬರ್ 3ರ ಶನಿವಾರ ಸ್ಟುಡಿಯೋಗೆ ಬಂದು 'ಬರೀಡ್ ಅಲೈವ್ ಇನ್ ದ ಬ್ಲೂಸ್' ಹಾಡಿಗೆ ತಂಡ ನುಡಿಸಿದ ವಾದ್ಯದ ಭಾಗ ಕೇಳಿದಳು. ಮಾರನೇ ದಿನ ಹಾಡುವುದು ಎಂದಾಯಿತು. ಮಾರನೇ ದಿನ ಬರಲಿಲ್ಲ. ಹಾಲಿವುಡ್‌ನ ಹೋಟೆಲ್ ಕೋಣೆಯಲ್ಲಿ ಹೆಣವಾಗಿ ಸಿಕ್ಕಳು. ಹೆರಾಯಿನ್ ಹೆಚ್ಚಾಗಿತ್ತು. 1971ರ ಜನವರಿಯಲ್ಲಿ ಆಲ್ಬಂ ಬಂದಾಗ ಆ ಹಾಡನ್ನು ಹಾಗೇ ಸೇರಿಸಿದ್ದಾರೆ, ಬರೀ ವಾದ್ಯ. ಆಲ್ಬಂ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಆ ಒಂದು ಹಾಡಿನಲ್ಲಿ ದನಿ ಬರಬೇಕಾದ ಜಾಗ ಎರಡೂವರೆ ನಿಮಿಷ ಖಾಲಿ ಹೋಗುತ್ತದೆ. ಚಟದ ಬಗ್ಗೆ ಮಕ್ಕಳಿಗೆ ಏನಾದರೂ ಹೇಳಬೇಕು ಅನಿಸಿದರೆ ನಾನು ಅದನ್ನೇ ಹಾಕಿ ಸುಮ್ಮನೆ ಕೂರುತ್ತೇನೆ.

ಇನ್ನು ಗಂಟಲಿನ ವಿಷಯ. ಮೊಮ್ಮಗಳು ಕೂಗಲು ಹೊರಟಿದ್ದಾಳೆ ಅಂದಿರಿ. ತಡೆಯಿರಿ, ಅದು ನಿಜಕ್ಕೂ ಗಂಟಲು ಕೆಡಿಸುತ್ತದೆ. ಅದರ ಬದಲು ಟೈಪ್‌ರೈಟರ್ ಟೇಪ್ ಹಾಕಿ. ಆಮೇಲೆ 'ಮರ್ಸಿಡಿಸ್ ಬೆಂಜ್' ಹಾಡಿಸಿ. ಸಾಲು ಕಮ್ಮಿ, ರಾಗ ಸುಲಭ. ಹಿಂದೆ ಅಡಗಿಕೊಳ್ಳಲು ವಾದ್ಯ ಇಲ್ಲದ್ದರಿಂದ ಶ್ರುತಿ ಎಲ್ಲಿ ಜಾರಿತು ಎಂದು ನಿಮಗೆ ತಕ್ಷಣ ಸಿಗುತ್ತದೆ. ನೀವು ತಾಳ ಹಾಕಿ, ಅವಳು ಕಾಲು ಕುಟ್ಟಲಿ. ಪಕ್ಕದ ಮನೆಯವರು ಮತ್ತೆ ಬಂದರೆ ಒಳಗೆ ಕೂರಿಸಿ ಕಾಫಿ ಕೊಡಿ.

ತಪ್ಪು ಅಚ್ಚಾದ ವಾಕ್ಯಕ್ಕೆ ತಿದ್ದುಪಡಿ ಇದೇ ಸಂಚಿಕೆಯ ಕೊನೆ ಪುಟದಲ್ಲಿದೆ. ಬಿಗ್ ಮಾಮಾ ಥಾರ್ನ್ಟನ್ ಬಗ್ಗೆ ಬೇರೆಯೇ ಲೇಖನ ಬರೆಸುತ್ತಿದ್ದೇವೆ. ಅಚ್ಚಿಗೆ ಹೋಗುವ ಮೊದಲು ಒಂದು ಪ್ರತಿ ನಿಮ್ಮ ಮನೆಗೆ ಕಳಿಸುತ್ತೇನೆ. ಮೊಮ್ಮಗಳು ತಪ್ಪು ಹುಡುಕಿಕೊಡಲಿ.

ಇಂತಿ,
ಸಂಪಾದಕ